ಗುಹೆಯಲ್ಲಿ ಊಟಕ್ಕೆ ಕರೆದದ್ದು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಬುಧವಾರ. ಎಂಟನೇ ಕ್ಲಾಸು. ಲೆಕ್ಕದ ಮೇಷ್ಟ್ರು ಹೊರಗೆ ನಿಲ್ಲಿಸಿದ್ದರು. ಹೇಗೂ ಹೊರಗೇ ಇದ್ದೀನಲ್ಲ ಅಂತ ಹಾಗೇ ನಡೆದುಬಿಟ್ಟೆ. ಆಮೇಲೆ ಎಷ್ಟು ಊರು ಬಿಟ್ಟೆನೋ. ಯಾವುದಕ್ಕೂ ಕಾರಣ ಬೇಕಾಗಿರಲಿಲ್ಲ. ಈ ಸಲ ಇದೆ. ರಾತ್ರಿ ಹೊತ್ತು ಹೇಳಬಾರದು... ಆದರೂ ಈಗಲೇ ಹೇಳಬೇಕು.

ಸ್ವೀಡನ್ನಿನ ಹುಡಿಕ್ಸ್‌ವಾಲ್‌ನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನನ್ನ ಕೆಲಸ. ಚಿಕ್ಕಮ್ಮನ ಮಗ ಜೀವನ್ ಸೋಡರ್‌ಟೆಲ್ಯೆಯಲ್ಲಿ ಇಂಜಿನಿಯರ್. ನವೆಂಬರ್ ಕೊನೆಗೆ ಹೆಂಡತಿ ಶ್ರೀಲಕ್ಷ್ಮಿಯ ಜೊತೆ ಊರು ನೋಡಲು ಬಂದ. ಬೆಳಿಗ್ಗೆ ಸರೋವರ ತೋರಿಸಿದೆ. ಅದು ಜ್ವಾಲಾಮುಖಿಯ ಬಾಯಿ ಅಂತ ಹಿಂದಿನವರು ನಂಬಿದ್ದರು. ಈಗಿನವರು ಆಕಾಶದಿಂದ ಕಲ್ಲು ಬಿದ್ದ ಗುಂಡಿ ಅಂತಾರೆ.

“ಜ್ವಾಲಾಮುಖಿ ಅಂತ ಕರ್ಕೊಂಡು ಬಂದು ಫ್ರಿಜ್ ತೋರಿಸ್ತಿದೀಯಲ್ಲ ಅಣ್ಣ,” ಅಂದ ಜೀವನ್.

ಹೊಸ ಮಂಜುಗಡ್ಡೆ ಬಿರಿದು “ಟ್ಯೂಂ...” ಅಂತ ಕೂಗಿತು. ಮೂವರೂ ನಕ್ಕೆವು.

ಊರಾಚೆಯ ಕಾಡಿನಲ್ಲಿರುವ ಗುಹೆಗೆ ಹೋದದ್ದು ಮಧ್ಯಾಹ್ನ. ಒಡೆದ ಬಂಡೆಗಳ ಸಂದಿಯಲ್ಲಿ ತೆವಳಿಕೊಂಡು ಹೋಗಬೇಕು. ಒಳಗೆ ಒಂದು ಕಡೆ ಕೂರುವಷ್ಟು ಜಾಗ. ಶ್ರೀಲಕ್ಷ್ಮಿ ಪುಳಿಯೋಗರೆ ಡಬ್ಬಿ ಬಿಚ್ಚಿದಳು. ಆಗ ಇನ್ನೂ ಆಳದ ಕತ್ತಲೆಯಿಂದ... ಸರ್ರ್... ಸರ್ರ್... ಜಾಕೆಟ್ ಕಲ್ಲಿಗೆ ಉಜ್ಜಿದ ಹಾಗೆ.

ಬೇರೆ ಯಾರೋ ನೋಡಲು ಬಂದಿದ್ದಾರೆ ಅಂದುಕೊಂಡೆವು. ಹತ್ತಿರ ಯಾರೇ ಇದ್ದರೂ ಕರೆಯದೆ ತುತ್ತು ಎತ್ತಿದವರಲ್ಲ ನಮ್ಮ ಮನೆಯವರು. ಜೀವನ್ ಕನ್ನಡದಲ್ಲೇ ಕರೆದ.

“ಬನ್ನಿ, ಊಟ ಮಾಡೋಣ.”

ಸದ್ದು ನಿಂತಿತು. ಯಾರೂ ಬರಲಿಲ್ಲ.

“ಸ್ವೀಡನ್ನವರು ರೀ. ಅಪಾಯಿಂಟ್‌ಮೆಂಟ್ ಇಲ್ದೆ ಊಟಕ್ಕೆ ಬರ್ತಾರಾ?” ಅಂದಳು ಶ್ರೀಲಕ್ಷ್ಮಿ.

ಹೊರಗೆ ಬಂದಾಗ ಇನ್ನೂ ಕಾಫಿ ಹೊತ್ತು. ಅಲ್ಲಿನ ಚಳಿಗಾಲ, ಆಗಲೇ ಕಗ್ಗತ್ತಲು. ಕಾಡಿನ ದಾರಿಯಲ್ಲಿ ನಡೆದು ಕಾರು ಹತ್ತಿದೆವು. ಜೀವನ್ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ. ಹಿಂದೆ ಅವಳೊಬ್ಬಳೇ.

ಟಿಣ್... ಟಿಣ್... ಟಿಣ್...

ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತರೆ ಹೊಡೆಯುವ ಗಂಟೆ.

“ಪಕ್ಕದ ಸೀಟ್ ಮೇಲೆ ಬ್ಯಾಗ್ ಇಟ್ಟಿದೀಯೇನೇ?”

“ಇಲ್ಲ ರೀ... ತೊಡೆ ಮೇಲಿದೆ.”

ಟಿಣ್... ಟಿಣ್...

ಅವಳು ಮೆಲ್ಲಗೆ ಕೈ ಚಾಚಿ ಆ ಖಾಲಿ ಸೀಟಿನ ಬೆಲ್ಟ್ ಎಳೆದು ಹಾಕಿದಳು. ಕ್ಲಿಕ್. ಗಂಟೆ ನಿಂತಿತು.

“ಬೇಗ ಓಡ್ಸಿ,” ಅಂತ ಪಿಸುಗುಟ್ಟಿದಳು. “ತಿರುಗಿ ನೋಡ್ಬೇಡಿ.”

ಆವತ್ತಿನಿಂದ ಜೀವನ್‌ಗೆ ಊಟ ಮೈಗೆ ಹತ್ತಲಿಲ್ಲ. ತಟ್ಟೆ ತುಂಬ ತಿನ್ನುತ್ತಿದ್ದ, ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ಡಾಕ್ಟರು ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು. ಎಲ್ಲ ಸರಿಯಿದೆ ಅಂದರು. ಶ್ರೀಲಕ್ಷ್ಮಿ ಅವನ ಪಕ್ಕ ಇನ್ನೊಂದು ತಟ್ಟೆ ಇಟ್ಟು ಬಡಿಸಿ ನೋಡಿದಳು. ಅದು ಹಾಗೇ ಆರಿ ತಣ್ಣಗಾಯಿತು. ಇವನು ಮಾತ್ರ ಇಳಿಯುತ್ತಲೇ ಹೋದ. ಜನವರಿಯಲ್ಲಿ ನಾನು ಆಸ್ಪತ್ರೆಗೆ ಹೋದಾಗ ಹೊದಿಕೆಯ ಕೆಳಗೆ ಮನುಷ್ಯ ಇದ್ದಾನೆ ಅಂತಲೇ ಅನ್ನಿಸಲಿಲ್ಲ.

“ಅಣ್ಣ... ಹಸಿವು. ತಿಂದಿದ್ದು ನಂಗೆ ಬರ್ತಿಲ್ಲ.”

“ಬಂದವರಿಗೆ ಹೋಗಿ ಅಂತ ಹೇಳಿದ್ಯೇನೋ?”

“ಕೈ ಮುಗಿದು ಹೇಳ್ದೆ... ಹೋಗಲ್ಲ.”

ಶ್ರೀಲಕ್ಷ್ಮಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಕಾಫಿ ಕುಡಿದು ಬಾಮ್ಮ ಅಂತ ಆಚೆ ಕಳಿಸಿದೆ. ಜೀವನ್ ಕಣ್ಣು ಮುಚ್ಚಿದ್ದ. ನನಗೆ ಮಂತ್ರ ಬರಲ್ಲ, ತಂತ್ರ ಬರಲ್ಲ. ಬೇರೇನೂ ತೋಚಲಿಲ್ಲ. ಮಂಚದ ಪಕ್ಕದ ಖಾಲಿ ಕುರ್ಚಿಗೆ ಮೆಲ್ಲಗೆ ಅಂದೆ...

“ನಮ್ಮನೆಗೆ ಬನ್ನಿ. ಅಡುಗೆ ಕೆಲಸದವನು ನಾನು.”

ನಿನ್ನೆ ಶ್ರೀಲಕ್ಷ್ಮಿ ಫೋನ್ ಮಾಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ.

“ಭಾವ, ಎರಡು ಇಡ್ಲಿ ತಿಂದು ಸಾಕು ಅಂದ್ರು! ಸಾಕು ಅಂದ್ರು ಭಾವ!”

ಒಳ್ಳೇದಾಯ್ತಮ್ಮ ಅಂದೆ. ಒಲೆಯ ಮುಂದೆ ನಿಂತುಕೊಂಡೇ ಪಾತ್ರೆಯ ಅನ್ನವನ್ನೆಲ್ಲ ಮುಗಿಸಿದ್ದೆ. ಆದರೂ ಹೊಟ್ಟೆ ಉರಿಯುವಷ್ಟು ಹಸಿವು.

ನಂಬದಿದ್ದರೆ ಬಿಡಿ. ಜೀವನ್ ಇದ್ದಾನೆ, ಕೇಳಿ. ಕತೆ ಹೆಣೆಯಲು ನನಗೀಗ ಪುರುಸೊತ್ತಿಲ್ಲ, ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೇನೆ. ಗೋಥೆನ್‌ಬರ್ಗಿಗೆ ಬೆಳಗಿನ ರೈಲು. ಅಲ್ಲಿಂದ ಎಲ್ಲಿಗೋ... ನಾನು ಕರೆದದ್ದು ಮನೆಗೆ, ಮನೆಯನ್ನೇ ಬಿಟ್ಟರೆ ಬೆನ್ನು ಬಿಡಬಹುದು. ನಮ್ಮ ಬಾಗಿಲಾಚೆ ಮೆಟ್ಟಿಲ ಹತ್ತಿರ ಒಂದು ದೀಪ ಇದೆ. ಯಾರಾದರೂ ಓಡಾಡಿದರೆ ತಾನೇ ಹತ್ತುತ್ತೆ, ಅವರು ಹೋದಮೇಲೆ ತಾನೇ ಆರುತ್ತೆ.

ಸಂಜೆಯಿಂದ ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಕಾಣಿಸುತ್ತಿದೆ. ಇನ್ನೂ ಆರಿಲ್ಲ.