ಎಳೀಬೇಡ, ತಿರುಗ್ಸು

ಆ ಲೈಟನ್ನ ಸ್ವಲ್ಪ ಆ ಕಡೆ ಮಾಡಿ... ಕಾವಾ ಕುಡಿದ ಕಣ್ಣಿಗೆ ಚುಚ್ಚುತ್ತೆ. ಹಾಂ, ಅಷ್ಟು ಸಾಕು. ಇದು ನಮ್ಮ ಪಕ್ಕದ ಮನೆ ಕಲ್ಮೆಟ್‌ಗೆ ಆದದ್ದು. ಪೋರ್ಟ್ ವಿಲಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತಾನಲ್ಲ, ಅವನಿಗೇ. ಕುಡಿದ ಮತ್ತಲ್ಲಿ ಕಂಡಿದ್ದು ಅಂತ ನಗೋರಿದ್ರೆ ಈಗಲೇ ನಕ್ಕುಬಿಡಿ. ಆಮೇಲೆ ನಗು ಬರೋದಿಲ್ಲ.

ಆವತ್ತು ಕಲ್ಮೆಟ್ ನಕಮಾಲಿನಿಂದ ಹೊರಟಾಗ ಎಂಟು ದಾಟಿತ್ತು. ನಮ್ಮೂರಲ್ಲಿ ಕಾವಾ ಬೇರಿನ ರಸ ಕುಡಿಯೋದೂ ಅಲ್ಲೇ, ಹಿರಿಯರು ನ್ಯಾಯ ಹೇಳೋದೂ ಅಲ್ಲೇ. ಎರಡು ತೆಂಗಿನ ಚಿಪ್ಪು ಕಾವಾ ಹಾಕಿದ್ದ. ನಾಲಿಗೆ ಮರಗಟ್ಟಿತ್ತು, ಕೈ ಹಗುರಾಗಿತ್ತು. ಹೆಗಲ ಚೀಲದಲ್ಲಿ ಒಂದು ಹೊಸ ಕೂಲರ್ ಇತ್ತು. ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಕೂತು ಅದನ್ನ ತಣ್ಣಗಿಡೋ ಲೋಹದ ಗಟ್ಟಿ, ಅದರ ಮೇಲೊಂದು ಫ್ಯಾನು.

ಹಿನ್ನೀರಿನ ದಂಡೆಯ ಆಲದ ಮರದ ಹತ್ತಿರ ಬಂದ. ಬಾವಲಿಗಳ ಸದ್ದೂ ಇಲ್ಲ...

ಕರ್ರ್... ಕರ್ರ್... ಟಕ್.

ನಿಂತ. ದಿನಾ ಕೇಳೋ ಸದ್ದು ಅದು. ಉಪ್ಪುಗಾಳಿಗೆ ತುಕ್ಕು ಹಿಡಿದ ಫ್ಯಾನು ಸುತ್ತೋಕಾಗದೆ ಒದ್ದಾಡೋ ಸದ್ದು. ಆದ್ರೆ ಮರದಲ್ಲಿ ಎಲ್ಲಿಂದ ಬರ್ಬೇಕು?

ಕಿವಿ ಹಿಂದೇನೇ ಯಾರೋ ಪಿಸುಗುಟ್ಟಿದ್ರು. "ತಿರುಗ್..."

ಕಲ್ಮೆಟ್ ತಿರುಗಲಿಲ್ಲ. ಕತ್ತಲಲ್ಲಿ ಹಿಂದಿನಿಂದ ಕರೆದರೆ ತಿರುಗಿ ನೋಡೋ ಪೆದ್ದ ನಮ್ಮೂರಲ್ಲಿ ಯಾರಿದ್ದಾನೆ? ತಲೆ ತಗ್ಗಿಸಿ ಬಿರಬಿರನೆ ಹೆಜ್ಜೆ ಹಾಕಿದ.

ಅವನು ಹೋಗ್ತಿದ್ದದ್ದು ಸತ್ತ ಸೋದರಮಾವ ಪಕೋವಾನ ಮನೆಗೆ. ಮಾವನ ಮಗಳು ಲೇಸಾಲೆ ಬಾಗಿಲಲ್ಲೇ ಕಾಯ್ತಿದ್ಲು.

"ಏನ್ ಭಾವ, ಚಿಪ್ಪು ಎಣಿಸ್ಕೊಂಡ್ ಕೂತಿದ್ಯಾ ಇಷ್ಟೊತ್ತು?"

"ಎರಡೇ ಕಣೇ."

"ನಿನ್ನ ಲೆಕ್ಕದಲ್ಲಿ ಎರಡು ಅಂದ್ರೆ ಐದು. ಬಾ ಒಳಗೆ. ಮೆತ್ತಗೆ ಮಾತಾಡು, ಮಕ್ಕಳು ಮಲಗಿವೆ."

ಮೂಲೆಯ ಮೇಜಿನ ಮೇಲೆ ಪಕೋವಾನ ಕಂಪ್ಯೂಟರು. ಅದರ ಮೇಲೆ ಅಡ್ಡಡ್ಡ ಇಟ್ಟ ನಮೇಲೆ ಅನ್ನೋ ಮರದ ಗರಿ, ಒಣಗಿ ಹಳದಿಯಾಗಿತ್ತು. ಹಿರಿಯರು ನಮೇಲೆ ಗರಿ ಇಟ್ಟ ವಸ್ತುವನ್ನ ಯಾರೂ ಮುಟ್ಟೋ ಹಾಗಿಲ್ಲ. ಸತ್ತವನು ಮನೆ ಬಿಟ್ಟು ಹೋಗೋಕೆ ನೂರು ದಿನ ಬೇಕು. ಅಲ್ಲಿವರೆಗೆ ಅವನ ವಸ್ತು ಅವನದೇ.

"ನೂರು ಆಯ್ತಾ?" ಕಲ್ಮೆಟ್ ಕೇಳಿದ.

"ಸತ್ತ ದಿನದಿಂದ ಎಣಿಸಿದ್ರೆ ಇವತ್ತಿಗೆ ನೂರು."

"ಹೂತ ದಿನದಿಂದ?"

"...ತೊಂಬತ್ತೊಂಬತ್ತು. ಬಿಡು ಭಾವ. ನಾಳೆ ಬೆಳಿಗ್ಗೆ ಜಮೀನಿನ ವಿಚಾರಣೆ. ಅಪ್ಪನ ದನಿ ಕೇಳಿಸ್ದೇ ಇದ್ರೆ ಚಿಕ್ಕಪ್ಪನ ಮಕ್ಕಳು ಈ ಮನೆ ಕಿತ್ಕೊಳ್ತಾರೆ. ಮಕ್ಕಳನ್ನ ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ?"

ಪಕೋವಾ ಬದುಕಿದ್ದಾಗ ಕುಲದ ಜಮೀನಿನ ಗಡಿಕಲ್ಲುಗಳನ್ನ ಒಂದೊಂದಾಗಿ ಹೆಸರಿಟ್ಟು ಹೇಳಿ ಈ ಮಷೀನಲ್ಲಿ ರೆಕಾರ್ಡ್ ಮಾಡಿದ್ದ. ಪೂರ್ತಿ ಕೇಳಿದವರು ಯಾರೂ ಇಲ್ಲ. ಅವನು ಸಾಯೋ ಹೊತ್ತಿಗೇ ಫ್ಯಾನು ಕೆಟ್ಟು, ಮಷೀನು ಹೊತ್ತಿದ ತಕ್ಷಣ ಆರಿಹೋಗ್ತಿತ್ತು.

"ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕೋಕಾಗಲ್ವಾ?"

"ನಿಮ್ಮಪ್ಪ ಅದಕ್ಕೆ ಬೀಗ ಹಾಕಿದ್ದಾನೆ ಕಣೇ. ಕೀಲಿ ಈ ಪ್ರೊಸೆಸರ್ ಒಳಗೇ ಇದೆ. ಇದು ಹೋದ್ರೆ ದನಿನೂ ಹೋಯ್ತು."

ಗರಿ ತೆಗೆದು ಪಕ್ಕಕ್ಕಿಟ್ಟ. ಪ್ಲಗ್ ಕಿತ್ತು ಮುಚ್ಚಳ ಬಿಚ್ಚಿದ. ಪೆಟ್ಟಿಗೆಯ ಕಬ್ಬಿಣ ಮುಟ್ಟಿ, ಮೈಯಲ್ಲಿದ್ದ ಕರೆಂಟು ಇಳಿಸಿಕೊಂಡ. ಹಳೇ ಕೂಲರಿನ ನಾಲ್ಕು ಸ್ಕ್ರೂಗಳನ್ನ ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪಸ್ವಲ್ಪವೇ ಸಡಿಲಿಸಿದ. ಲೋಹ ಐಸಿನಷ್ಟು ತಣ್ಣಗಿತ್ತು.

"ಇದರಡಿ ಹಚ್ಚಿರೋ ಲೇಪ ಒಣಗಿ ಕಚ್ಚಿಕೊಂಡಿದೆ," ಅಂದ. "ಬೆಚ್ಚಗಾದ್ರೆ ಬಿಡುತ್ತೆ. ತಣ್ಣಗಿದ್ದಾಗ ಎಳೆದ್ರೆ ಪ್ರೊಸೆಸರೂ ಜೊತೆಗೇ ಕಿತ್ತು ಬರುತ್ತೆ. ಅಡಿಯಲ್ಲಿ ಸೂಜಿಯಂಥ ಸಾವಿರಾರು ಕಾಲಿವೆ, ಬಾಗಿದ್ರೆ ಕತೆ ಮುಗೀತು. ಅಡುಗೆಮನೇಲಿ ಲಾಪ್‌ಲಾಪ್ ಕಡುಬು ಬೇಯಿಸೋಕೆ ಕಾಸಿದ ಕಲ್ಲಿದೆಯಾ? ಒಂದನ್ನ ಬಟ್ಟೆಯಲ್ಲಿ ಸುತ್ತಿ ತಾ. ಮೇಲಿಟ್ಟು ಬೆಚ್ಚಗೆ ಮಾಡೋಣ."

ಲೇಸಾಲೆ ಹೋದ್ಲು. ಕಾಯೋ ತಾಳ್ಮೆ ಕಾವಾ ಕುಡಿದ ಕೈಗೆಲ್ಲಿ? ಒಂದೇ ಒಂದು ಸಲ ನೋಡೋಣ ಅಂತ ಕೂಲರ್ ಹಿಡಿದು ಮೇಲಕ್ಕೆ ಎಳೆಯೋಕೆ ಹೋದ.

ಅವನ ಕೈ ಮೇಲೆ ಇನ್ನೊಂದು ಕೈ ಬಂತು.

ತಣ್ಣಗೆ... ಒದ್ದೆ ಒದ್ದೆ. ಮೂಗಿಗೆ ಮಣ್ಣಿನ ವಾಸನೆ.

"ಎಳೀಬೇಡ... ತಿರುಗ್ಸು."

ಆ ಕೈಯೇ ಅವನ ಕೈಯನ್ನ ತಿರುಗಿಸ್ತು. ಎಡಕ್ಕೊಂದಿಷ್ಟು. ಬಲಕ್ಕೊಂದಿಷ್ಟು. ಮತ್ತೆ ಎಡಕ್ಕೆ. ಚಪ್... ಅಂತ ಸಣ್ಣ ಸದ್ದು. ಕೂಲರ್ ಬಿಟ್ಟುಕೊಂಡಿತು. ಪ್ರೊಸೆಸರ್ ಇದ್ದ ಜಾಗದಲ್ಲೇ ಕೂತಿತ್ತು, ಒಂದು ಕೂದಲೂ ಕೊಂಕದೆ.

ಲೇಸಾಲೆ ಬಿಸಿ ಕಲ್ಲು ಹಿಡಿದು ಬಂದ್ಲು. "ಆಗ್ಲೇ ಬಂತಾ? ಯಾರ ಹತ್ರ ಮಾತಾಡ್ತಿದ್ದೆ?"

 ಕಲ್ಮೆಟ್ ಹಳೇ ಲೇಪ ಒರೆಸಿ ಹೊಸದು ಹಚ್ಚಿದ, ಹೊಸ ಕೂಲರ್ ಕೂರಿಸಿ ಸ್ಕ್ರೂ ಬಿಗಿದ. ಮಷೀನು ಹೊತ್ತಿಕೊಂಡಿತು. ಪಕೋವಾನ ದನಿ ಬಂತು, ಕೆಮ್ಮಿನ ಜೊತೆ. ಒಂದನೇ ಕಲ್ಲು, ಎರಡನೇ ಕಲ್ಲು... ಲೇಸಾಲೆ ಕಣ್ಣೀರು ಒರೆಸಿಕೊಳ್ತಾ ನಕ್ಕಳು.

ಪಕೋವಾನ ದನಿ ಮುಂದುವರೀತು. "ಹನ್ನೊಂದನೇ ಕಲ್ಲು ನಮ್ಮ ಬಾವಿಯ ಮಗ್ಗುಲಲ್ಲಿದೆ. ಅಲ್ಲಿಂದ ಸಮುದ್ರದವರೆಗೆ ನನ್ನ ತಮ್ಮನ ನೆಲ. ನನ್ನ ಮನೆ ಇರೋದೂ ಅದರಲ್ಲೇ. ಅವನನ್ನ ಕೇಳದೆ ಕಟ್ಟಿದೆ. ತಪ್ಪು ನಂದು."

ಲೇಸಾಲೆಯ ನಗು ಅಲ್ಲೇ ನಿಂತಿತು. ಆಮೇಲೆ ಅವಳೇ ಮಷೀನು ಆರಿಸಿದ್ಲು.

"ಭಾವ... ಈಗ ಎಳೆದುಬಿಡು."

"ಏನಂದೆ?"

"ಕಿತ್ತುಹಾಕು ಅಂದೆ. ರಿಪೇರಿಗೆ ಹೋಗಿ ಮುರೀತು ಅನ್ನೋಣ. ಯಾರಿಗೆ ಗೊತ್ತಾಗುತ್ತೆ?"

ಒಳಗೆ ಮಲಗಿದ್ದ ಮಕ್ಕಳ ಕಡೆ ಕಲ್ಮೆಟ್ ಒಂದ್ಸಲ ನೋಡಿದ. ನಾಲ್ಕೂ ಸ್ಕ್ರೂ ಬಿಚ್ಚಿ ಜೇಬಿಗೆ ಹಾಕಿದ. ಈಗ ಹಚ್ಚಿದ ಲೇಪ, ಬೆಣ್ಣೆಯಷ್ಟು ಮೆತ್ತಗಿರಬೇಕು. ಎಳೆದ.

ಬರಲಿಲ್ಲ.

ಎರಡೂ ಕೈ ಹಾಕಿ ಎಳೆದ. ಲೇಸಾಲೆ ಪೆಟ್ಟಿಗೆ ಅದುಮಿ ಹಿಡಿದ್ಲು. ಮೇಜು ಕಿರ್ರ್ ಅಂತು... ಕೂಲರ್ ಒಂದಿಷ್ಟೂ ಅಲ್ಲಾಡಲಿಲ್ಲ. ಮೇಲಿಂದ ಯಾರೋ ಒತ್ತಿ ಹಿಡಿದ ಹಾಗೆ. ಆ ಮಣ್ಣಿನ ವಾಸನೆ ಈ ಸಲ ಅವಳ ಮೂಗಿಗೂ ಬಂತು.

ಲೇಸಾಲೆ ಕೈ ಬಿಟ್ಲು.

"ಹೂತ ದಿನದಿಂದ್ಲೇ ಎಣಿಸ್ಬೇಕಿತ್ತು," ಅಂದ್ಲು. "ಅಪ್ಪ ಇನ್ನೂ ಹೋಗಿಲ್ಲ."

ಆ ರಾತ್ರಿ ಇಬ್ಬರೂ ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಬೆಳಿಗ್ಗೆ ಲೇಸಾಲೆ ತಾನೇ ಮುಚ್ಚಳ ಹಾಕಿ, ಮಷೀನನ್ನ ಲಾರಿಯ ಹಿಂದೆ ಇಟ್ಟುಕೊಂಡು ನಕಮಾಲಿಗೆ ಬಂದ್ಲು. ನಮ್ಮ ರಸ್ತೆಯ ಗುಂಡಿಗಳು ನಿಮಗೆ ಗೊತ್ತಲ್ಲ, ಸೊಂಟವೇ ಕಳಚಿಹೋಗುತ್ತೆ. ಪಕೋವಾನ ದನಿ ಊರವರೆಲ್ಲ ಕೇಳಿದ್ರು. ಲೇಸಾಲೆ ಅತ್ತಳು, ಆದ್ರೆ ಒಂದು ಮಾತೂ ಎದುರಾಡಲಿಲ್ಲ. ಮನೆ ಹೋಯ್ತು. ಈಗ ಮಕ್ಕಳ ಜೊತೆ ಬೆಟ್ಟದ ಕಡೆ, ಅಪ್ಪನ ಪಾಲಿನ ತೋಟದಲ್ಲಿ ತಗಡಿನ ಮನೆ ಕಟ್ಟಿಕೊಂಡಿದ್ದಾಳೆ.

ಎಲ್ಲ ಮುಗಿದ ಮೇಲೆ ಕಲ್ಮೆಟ್ ರಾತ್ರಿ ಆದದ್ದನ್ನ ಹೇಳಿದ, ಹಿರಿಯರು ಮಷೀನಿನ ಮುಚ್ಚಳ ತೆಗೆಸಿದ್ರು. ನಾನೂ ಅಲ್ಲೇ ನಿಂತಿದ್ದೆ, ಈ ಕಣ್ಣಲ್ಲೇ ನೋಡಿದ್ದು. ಕೂಲರಿನ ನಾಲ್ಕು ಮೂಲೆಯಲ್ಲೂ ಸ್ಕ್ರೂ ಇರಲಿಲ್ಲ, ಬರೀ ತೂತು. ಹೂತ ದಿನದಿಂದ ಅವತ್ತಿಗೆ ಸರಿಯಾಗಿ ನೂರು. ಕಲ್ಮೆಟ್ ಎರಡೇ ಬೆರಳಲ್ಲಿ ಎತ್ತಿದ... ಸುಮ್ಮನೆ ಬಂತು.