ಹದಿನೇಳನೆಯ ಬಾವಿ

“ಹದಿನೇಳು ಅಂದ್ರೆ ಯಾರ ಮನೆ ಬಾವಿ?” ಮೆಕಾಂಗ್ ದಡದಲ್ಲಿ ದೋಣಿಗೆ ಕಾಯುತ್ತಿದ್ದ ಥಾವಿ ಯಾರನ್ನೂ ಉದ್ದೇಶಿಸದೆ ಕೇಳಿದಳು. ಅವಳ ಕಾಲಬಳಿ ಕೆಂಪು ಪೇಂಟಿನ ಡಬ್ಬಿಯಿತ್ತು. ಪಕ್ಕದಲ್ಲಿ, ಭಿಕ್ಷುಗಳಿಗೆ ಅನ್ನ ಒಯ್ಯುತ್ತಿದ್ದ ಯೀಮ್ ಅಜ್ಜಿ ಜಪ ನಿಲ್ಲಿಸಿ ಕಿವಿಗೊಟ್ಟಳು.

“ನಲವತ್ತು ಬಾವೀಲಿ ವಿಷ ಅದೊಂದರಲ್ಲೇ ತಾನೇ?” ಎಂದ ನೀರು ಪರೀಕ್ಷೆಯ ಜೊತೆಗಾರ ಸರಿತ್.

“ಹೂಂ ಅಣ್ಣ. ದೋಣೀಲಿ ಹೋಗಿ ನೀರು ತಂದ ಮೂರು ತಂಡದ ಪಟ್ಟಿ ಕಂಪ್ಯೂಟರಲ್ಲಿ ಸೇರಿಸುವಾಗ ತಿಂಗಳ ಹೆಸರು ಕೊಟ್ಟೆ, ಬಾವಿ ಯಾರ ಮನೇದು ಅನ್ನೋದು ಮರೆತೆ. ಮನೆ ಹೆಸರಿನ ಜಾಗದಲ್ಲಿ ಅದು ತಾನೇ ಸೊನ್ನೆ, ಒಂದು, ಎರಡು ಅಂತ ಹಾಕ್ಕೊಳ್ತು.”

“ನಂಗೆ ಚೊಕ್ಕವಾಗಿ ಕಾಣ್ತು. ಹಳೇ ಪಟ್ಟಿ ಅಳಿಸ್ಬಿಟ್ಟೆ.”

“ಬಲು ಜಾಣ! ಮನೆ ಹೆಸರು ಬರೆದಿದ್ದ ಬಾಟಲಿನೂ ನೀನೇ ತೊಳೆದಿಟ್ಟೆ.”

“ಮತ್ತೆ ನೀರು ತಂದು ನೋಡೋಣ?”

“ಪರೀಕ್ಷೆ ಮಾಡೋ ಯಂತ್ರ ಬೇರೆ ಪ್ರಾಂತ್ಯಕ್ಕೆ ಹೋಯ್ತು. ಬರೋದು ಮುಂದಿನ ವರ್ಷವೇ.”

“ಕುಡೀಬೇಡಿ ಅಂತ ಎಲ್ಲಾ ಬಾವಿ ಪಂಪಿಗೂ ಕೆಂಪು ಬಳಿಯೋಣ.”

“ಮಕ್ಕಳು ಹಳ್ಳದ ನೀರು ಕುಡಿದು ಸಾಯ್ಲಿ ಅಂತಲಾ?”

ಅಜ್ಜಿಯ ಬಾವಿಯೂ ಆ ನಲವತ್ತರಲ್ಲೊಂದು. ಮಡಿಲಲ್ಲಿದ್ದ ಅನ್ನ ಬೆಂದದ್ದು ಅದೇ ನೀರಿನಲ್ಲಿ.

ದೋಣಿ ದಡಕ್ಕೆ ತಾಗಿತು. ಸರಿತ್ ಡಬ್ಬಿ ಎತ್ತಿಕೊಂಡ. “ನಮ್ಮ ಆಫೀಸಿನ ಸಾಹೇಬರಿಗೆ ಒಂದು ಪಂಪು ಕೆಂಪಾಗಿ ಕಂಡ್ರೆ ಸಾಕು. ಯಾವುದಾದ್ರೂ ಒಂದು ಮನೆ ಹೆಸರು ಹೇಳು ತಂಗಿ.”

“ಸುಳ್ಳು ಹೆಸರು ಹೇಳಲ್ಲ,” ಎಂದು ಥಾವಿ ದೋಣಿ ಹತ್ತಿದಳು.