ಕುರಿದೊಡ್ಡಿಯ ಸದ್ದು

...ಇಲ್ಲಿ, ಇಲ್ಲಿ ಕೂತ್ಕೋ. ಕುರ್ಚಿ ಹಿಂದೇನೇ ಇದೆ, ಕೈಯಿಟ್ಟು ನೋಡು. ಹಾಂ. ಕಾಲು ಈ ಕಡೆ ತಗೋ, ಹೊಲಿಗೆ ಮೆಷಿನ್ನಿಗೆ ತಾಗೀತು. ಆ ಕಣ್ಣಿನ ಪಟ್ಟಿ ಮುಟ್ಟಬೇಡ ಅಂತ ಎಷ್ಟು ಸಲ ಹೇಳಬೇಕೋ ನಿನಗೆ? ತುರಿಸಿದ್ರೆ ತುರಿಸ್ಲಿ. ನಾಳೆ ಬೆಳಿಗ್ಗೆ ಡಾಕ್ಟರಮ್ಮ ಬಿಚ್ತಾರೆ, ಅಲ್ಲೀತನಕ ಕೈ ತೊಡೆ ಮೇಲಿರ್ಲಿ.

ಯಾಕೆ ನಗ್ತೀಯ? ಅಕ್ಕ ಕಂಪ್ಯೂಟರ್ ಮುಂದೆ ಕೂತಿರೋದನ್ನ ನೆನೆಸ್ಕೊಂಡಾ? ನಗು, ನಗು. ಬಟ್ಟೆ ಹೊಲಿಯೋಳನ್ನ ಕುರಿ ಕಾಯೋಕೆ ಹಚ್ಚಿದವನು ನೀನೇ ತಾನೆ. ಅಂಗಡೀಲಿ ಬ್ಯಾಟರಿ ಸಿಡಿದು ಆಸಿಡ್ ಕಣ್ಣಿಗೆ ಹಾರಿದೆ, ಆಸ್ಪತ್ರೆ ಮಂಚದ ಮೇಲೆ ಬಿದ್ದಿದೀಯ, ನಾನು ಅಳ್ತಾ ನಿಂತಿದೀನಿ. ನೀನು ಆಡಿದ ಮೊದಲ ಮಾತು ಏನು ಹೇಳು? ಅಕ್ಕಾ, ಕುರಿಗೆ ಮೇವು ಹಾಕ್ತೀಯಾ. ನೋವಿನ ಇಂಜೆಕ್ಷನ್‌ಗೆ ಇವನ ತಲೆ ಕೆಟ್ಟಿತು ಅಂದ್ಕೊಂಡೆ ನಾನು. ಈ ಎರಡು ಕೋಣೆ ಮನೇಲಿ ಬೆಕ್ಕಿಗೇ ಜಾಗ ಇಲ್ಲ, ಇನ್ನು ಕುರಿ ಎಲ್ಲಿಂದ ಬಂತು ಅಂತ.

ಎಂಥ ಆಟಾನೋ ಅದು. ರಾಜರ ಕಾಲದ ಊರಂತೆ, ಕಾಡಿಗೆ ಹೋಗಿ ಸೌದೆ ಕಡೀಬೇಕಂತೆ, ಗುಡಿಸಲು ಕಟ್ಟಬೇಕಂತೆ, ಚಳಿಗಾಲ ಬಂದ್ರೆ ಜೀವ ಉಳಿಸ್ಕೋಬೇಕಂತೆ. ಇಲ್ಲಿ ಕಂಪ್ಯೂಟರ್ ಆರಿಸಿದ್ರೂ ಅಲ್ಲಿ ದಿನ ನಿಲ್ಲಲ್ವಂತೆ. ನಿಜವಾದ ಕುರಿ ಸಾಕೋರಿಗೂ ಇಷ್ಟು ಉಪದ್ವ್ಯಾಪ ಇರಲಿಕ್ಕಿಲ್ಲ.

ಹೇಳ್ತೀನಿ, ತಾಳು, ಅವಸರ ಮಾಡಬೇಡ. ಈಗ... ಈಗ ದೊಡ್ಡಿ ಬಾಗಿಲು ತೆಗೆದೆ. ಒಳಗೆ ಹೋದೆ. ಎಲ್ಲ ಇದಾವೆ. ಚೆನ್ನಾಗಿದಾವೆ. ನಿನ್ನ ಹೆಡ್‌ಮೇಷ್ಟ್ರು ಟಗರು ಬೇಲಿ ಆಚೆ ನಿಂತ್ಕೊಂಡು ಎಲ್ಲರನ್ನೂ ಗುರಾಯಿಸ್ತಿದೆ. ಈ ಕಡೆ ಕರಿಮೂತಿ ಕುರಿ, ಅದರ ಮರಿ ಹಾಲು ಕುಡೀತಿದೆ. ಇನ್ನೊಂದಿದೆಯಲ್ಲ, ಕುಂಟಿ, ಅದು ಗಬ್ಬ ಆಗಿದೆ. ಇನ್ನೇನು ಈಯುತ್ತೆ. ಗೋದಲಿ ತುಂಬ ಮೇವಿದೆ, ಒಣಹುಲ್ಲಿಗೆ ಕಾಳು ಬೆರೆಸಿ ನಾನೇ ಹಾಕಿದೀನಿ, ನೀನು ಹೇಳಿಕೊಟ್ಟ ಹಾಗೇ. ಹಿಕ್ಕೆನೂ ಬಾಚಿ ಹೊಲಕ್ಕೆ ಹಾಕಿದೀನಿ ಮಾರಾಯ. ನಮ್ಮ ಬಚ್ಚಲಾದ್ರೂ ಗಲೀಜಾಗಿದೆ, ನಿನ್ನ ದೊಡ್ಡಿ ಕನ್ನಡಿ ಹಾಗಿದೆ.

ಹ್ಞೂಂ, ಮರಿ ಹೆಚ್ಚಾಗದ ಹಾಗೆ ಟಗರನ್ನ ಬೇರೇನೇ ಇಟ್ಟಿದೀನಿ. ಆಗಲೇ ಹೇಳಿದೆನಲ್ಲ. ಹೆಚ್ಚಿನ ಗಂಡುಮರಿಗಳನ್ನೂ ಚಳಿ ಬರೋಕೆ ಮುಂಚೇನೇ ಕಡಿದೆ. ಮಾಂಸ ಉಪ್ಪು ಹಾಕಿ ಇಟ್ಟಿದೀನಿ. ಎಲ್ಲ ನೀನು ಅಂದ ಹಾಗೇ. ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ? ನಾಳೆ ನಿನ್ನ ಕಣ್ಣಾರೆ ನೋಡ್ತೀಯಲ್ಲ, ಬಿಡು.

ನಡುಗ್ತಿದೆಯಾ? ನನ್ನ ದನಿಯಾ? ಇಲ್ವಲ್ಲ. ಗಂಟಲು ಕಟ್ಟಿದೆ ಅಷ್ಟೆ. ಆಸ್ಪತ್ರೆ ಕಾರಿಡಾರಲ್ಲಿ ಎಸಿ ಜಾಸ್ತಿ ಇತ್ತು. ಡಾಕ್ಟರಮ್ಮ ಅಲ್ಲಿ ನಿಲ್ಲಿಸ್ಕೊಂಡು ಅಷ್ಟು ಹೊತ್ತು... ಏನಿಲ್ಲ, ಔಷಧಿ ಹನಿ ಯಾವಾಗ ಹಾಕಬೇಕು ಅಂತ ಹೇಳಿದ್ರು. ಅದನ್ನ ಆಗಲೇ ಕೇಳಿದೆಯಲ್ಲೋ. ಮೇಲಿಂದ ಮೇಲೆ ಅದನ್ನೇ ಕೇಳಿದ್ರೆ ನಾನೇನು ಹೊಸದಾಗಿ ಕಟ್ಟಿ ಹೇಳ್ಲಾ?

ಸದ್ದಾ? ಯಾವ ಸದ್ದು? ಓ, ಕುರಿ ಅರಚೋದು. ಬರ್ತಿಲ್ಲ ಕಣೋ, ಸ್ಪೀಕರ್ ಕೆಟ್ಟು ಕೂತಿದೆ. ನಿನ್ನೆಯಿಂದ ಹಾಗೇ. ನಾನು ತಟ್ಟಿದೆ, ಬಡಿದೆ, ಏನೂ ಆಗ್ಲಿಲ್ಲ. ಮೆಕ್ಯಾನಿಕ್‌ಗೆ ಹೇಳಿದ್ರಾಯ್ತು. ಬೇಡ, ನೀನು ಎದ್ದೇಳಬೇಡ. ಏ, ಏನು ಮಾಡ್ತಿದೀಯ? ಮೇಜಿನ ಕೆಳಗೆ ಬಗ್ಗಬೇಡ, ಕಣ್ಣಿಗೆ ರಕ್ತ ಇಳಿಯುತ್ತೆ ಅಂದಿದಾರೆ. ವೈರ್ ಬಿಡು. ಬಿಡೋ ಅಂದ್ರೆ. ಧೂಳಿದೆ ಅಲ್ಲಿ. ನಿನಗೆ ಕಾಣಲ್ಲ, ಸುಮ್ಮನೆ ಯಾವುದೋ ಪಿನ್ನು ಯಾವುದಕ್ಕೋ ಸಿಕ್ಕಿಸಿ ಶಾಕ್ ಹೊಡೆಸ್ಕೋತೀಯ...

ಹೌದು. ನಾನೇ ಕಿತ್ತಿದ್ದು.

ಬೇಡ ಪುಟ್ಟ, ಹಾಕಬೇಡ. ನಾನು ಹೇಳ್ತೀನಿ, ಅದು ಯಾಕೆ ಕಿತ್ತೆ ಅಂದ್ರೆ... ಹಾಕಿಬಿಟ್ಟೆಯಾ. ಆಯ್ತು.

ಗಾಳಿ ಅದು. ಹಿಮ ಬೀಳ್ತಿದೆ ಅಲ್ಲಿ, ಅದಕ್ಕೆ. ಕುರಿ ಇಲ್ಲ. ಕಿವಿ ಕೊಟ್ಟು ಕೇಳಿ ಏನು ಮಾಡ್ತೀಯ, ಇಲ್ಲ. ಒಂದೂ ಇಲ್ಲ. ಹೆಡ್‌ಮೇಷ್ಟ್ರೂ ಹೋಯ್ತು. ಅದು ಕೊನೇಗೆ ಹೋಗಿದ್ದು.

ಟಗರನ್ನ ನಾನು ಬೇರೆ ಇಡ್ಲೇ ಇಲ್ಲ ಕಣೋ. ಮೊದಲನೇ ಮರಿ ಹುಟ್ಟಿದ ದಿನ ಆಸ್ಪತ್ರೆಗೆ ಬಂದು ಹೇಳಿದೆ, ನೆನಪಿದೆಯಾ? ಅಲ್ಲೀತನಕ ಊಟದ ತಟ್ಟೆ ದೂರ ತಳ್ತಿದ್ದೆ ನೀನು. ಆವತ್ತು ಪೂರ್ತಿ ತಿಂದೆ. ಗಂಡಾ ಹೆಣ್ಣಾ, ಯಾವ ಬಣ್ಣ ಅಂತ ಬಾಯಿತುಂಬ ಕೇಳಿದೆ. ಪಟ್ಟಿ ಕಟ್ಟಿದ ಮುಖದಲ್ಲೂ ಹಲ್ಲು ಕಾಣ್ತಿತ್ತು. ಆಮೇಲೆ ನನಗೆ ಅದೇ ಒಂದು ಹುಚ್ಚಾಯ್ತು. ಬರಿಗೈಲಿ ಬಂದು ನಿನ್ನ ಮುಂದೆ ನಿಲ್ಲೋಕೆ ಭಯ. ಏನಾದ್ರೂ ಒಂದು ಒಳ್ಳೇ ಸುದ್ದಿ ತರಬೇಕು. ಹಾಗಾಗಿ ಟಗರನ್ನ ಕುರಿಗಳ ಜೊತೇಲೇ ಬಿಟ್ಟೆ. ಮರಿ ಮೇಲೆ ಮರಿ ಹುಟ್ಟಿದ್ವು. ಕಡಿ ಅಂತ ನೀನು ಹೇಳಿದ್ದೆ, ನಾನು ಕೊಡಲಿ ತಗೊಂಡೂ ಹೋದೆ. ಒಂದು ಮರಿ ತಿರುಗಿ ನೋಡ್ತು. ಬರೀ ಚಿತ್ರ ಅಂತ ಗೊತ್ತು ನನಗೆ. ಆದ್ರೆ ಆವತ್ತು ಸಂಜೆ ಬಂದು ನಿನಗೆ ಏನಂತ ಹೇಳ್ಲಿ? ಸಾಯಿಸಿ ಬಂದೆ ಅಂತಾನಾ?

ಹಿಮ ಬಿತ್ತು. ಹುಲ್ಲು ಮೊಳೆಯೋದು ನಿಂತೇಹೋಯ್ತು. ಅಷ್ಟೊಂದು ಬಾಯಿಗೆ ಮೇವು ಎಲ್ಲಿಂದ ತರ್ಲಿ? ಗೋದಲಿ ಮುಂದೆ ಸಾಲಾಗಿ ನಿಂತ್ಕೊಂಡು ಅರಚ್ತಿದ್ವು. ತಡೆಯೋಕಾಗ್ದೆ ವೈರ್ ಕಿತ್ತೆ. ನನಗೆ ನಾಚಿಕೆ ಆಗುತ್ತೆ ಹೇಳೋಕೆ, ಮೆಷಿನ್ ಮೇಲೆ ತಲೆಯಿಟ್ಟು ಅತ್ತೆ.

ಬೈಯಿ. ಕಷ್ಟಪಟ್ಟು ಸಾಕಿದ್ದು ನೀನು, ಹಾಳು ಮಾಡಿದ್ದು ನಾನು. ಮತ್ತೆ ಶುರು ಮಾಡೋಣ. ಹಿಮ ಕರಗಿದ ಮೇಲೆ ಕಾಡಿಗೆ ಹೋಗಿ ಒಂದು ಜೋಡಿ ಹಿಡಿದು ತರೋಣ. ನೀನು ಹೇಳು, ನಾನು ಕೀ ಒತ್ತುತ್ತೀನಿ. ಈ ಸಲ ನೀನು ಹೇಳಿದ್ದರಲ್ಲಿ ಒಂದಕ್ಷರಾನೂ ತಪ್ಪಿಸಲ್ಲ. ನೀನು ಪಕ್ಕದಲ್ಲಿ ಕೂತ್ಕೊಂಡು ಹೇಳ್ತಾ ಇದ್ರೆ ಸಾಕು...

ಯಾಕೋ? ಯಾಕೆ ನನ್ನ ಕಡೆ ತಿರುಗಿದೆ?

ಕುರಿಗೆ ತಾನೇ ಬೇಜಾರು? ಹೂಂ ಅನ್ನು. ಏನು ಯೋಚನೆ ಮಾಡ್ತಿದೀಯ? ಸುಳ್ಳು ಹೇಳಿದ್ದಕ್ಕಾ? ಹೇಳಿದೆ, ತಪ್ಪಾಯ್ತು. ನಾಳೆ ಬೆಳಿಗ್ಗೆ ಹೇಗೂ ನೀನೇ ನೋಡಿ... ನೋಡಿದ್ರೆ ಗೊತ್ತಾಗೇ ಆಗ್ತಿತ್ತು. ಗೊತ್ತು. ಬೆಳಗಾಗೋದ್ರೊಳಗೆ ಸಿಕ್ಕಿಬೀಳೋ ಸುಳ್ಳು ಅದು.

ಇಲ್ಲ. ಹಾಗಲ್ಲ. ಹಾಗೆ ತಿಳ್ಕೋಬೇಡ. ನಾನು ದಡ್ಡಿ, ಮುಂದಿಂದು ಯೋಚಿಸ್ದೆ ಹೇಳಿಬಿಟ್ಟೆ, ಅಷ್ಟೆ. ಸತ್ಯವಾಗಿ ಹೇಳ್ತೀನಿ, ನಾಳೆ ನೀನು ನೋಡಲ್ಲ ಅಂತ ನಾನು...

ಏನಾದ್ರೂ ಮಾತಾಡೋ. ಕಾರಿಡಾರಲ್ಲಿ ಡಾಕ್ಟರಮ್ಮ... ಬೆಳಕು ಯಾವುದು, ಕತ್ತಲು ಯಾವುದು, ಅಷ್ಟು ತಿಳೀಬಹುದು ಅಂದ್ರು. ಅದೂ ಒಂದು ಕಣ್ಣಿಗೆ.

ಕೈ ಕೊಡು. ತಣ್ಣಗಾಗಿದೆ ನಿನ್ನ ಕೈ.

ಆ ಗಾಳಿ ಸದ್ದು ಆರಿಸ್ಲಾ? ಬೇಡ್ವಾ. ಸರಿ, ಇರ್ಲಿ ಹಾಗಾದ್ರೆ. ನಾನೂ ಇಲ್ಲೇ ಕೂತಿರ್ತೀನಿ.